ಮುತ್ತುವಿಗೆ 27 ವರ್ಷ: ಬೀಳ್ಕೊಡುವ ದಿನವನ್ನು ಗೊತ್ತುಮಾಡುವುದು ಹೇಗೆ?

ಮಾಗಡಿ ತೋಟದ ಮನೆ, ಏಪ್ರಿಲ್ 12

ಎಲ್ಲರಿಗೂ ನಮಸ್ಕಾರ. ನಮ್ಮ ಟಟ್ಟು ಕುದುರೆ ಮುತ್ತುವಿಗೆ ವೈದ್ಯರಿಂದ ದಯಾಮರಣ ಕೊಡಿಸುವ ವಿಷಯದಲ್ಲಿ ಒಂದು ತೀರ್ಮಾನಕ್ಕೆ ಬರಬೇಕಾಗಿದೆ. ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತಾಗಿ ನನಗೆ ದಿಕ್ಕು ತೋಚದೆ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮಲ್ಲಿ ಕುದುರೆ ಸಾಕಿದವರು ಕೆಲವರೇ ಇರಬಹುದು, ಆದರೆ ಮುಪ್ಪಾದ ಪ್ರಾಣಿಯೊಂದರ ಕೊನೆಯ ದಿನಗಳನ್ನು ಕಂಡವರು ಅನೇಕರಿದ್ದೀರಿ ಎಂದು ನಂಬಿದ್ದೇನೆ.

ಮುತ್ತುವನ್ನು ನಾವು 18 ವರ್ಷಗಳ ಹಿಂದೆ ಬೆಂಗಳೂರಿನ ಹೊರವಲಯದ ಸವಾರಿ ಶಾಲೆಯೊಂದು ಮುಚ್ಚಿದಾಗ ಕೊಂಡು ತಂದೆವು. ಹಲ್ಲು ನೋಡಿ ಅವನಿಗೆ ಆಗ 9 ವರ್ಷ ಎಂದು ಹೇಳಿದ್ದರು. ಹೆಗಲಿನವರೆಗೆ ನಾಲ್ಕು ಅಡಿ ಎತ್ತರ. ಆಗ ಬೂದಿಯ ಬಣ್ಣವಿದ್ದವನು ಈಗ ಪೂರ್ತಿ ಬೆಳ್ಳಗಾಗಿದ್ದಾನೆ. ನನ್ನ ಇಬ್ಬರು ಮಕ್ಕಳೂ ನಡೆಯಲು ಕಲಿತ ಮೇಲೆ ಮೊದಲು ಹತ್ತಿದ್ದು ಅವನ ಬೆನ್ನನ್ನೇ. ಅವನ ಜೊತೆಗೆ ಗಂಗೆ ಎಂಬ ಕತ್ತೆಯೊಂದು 11 ವರ್ಷಗಳಿಂದ ಒಂದೇ ಲಾಯದಲ್ಲಿದೆ.

ಐದು ವರ್ಷಗಳ ಹಿಂದೆ, ಬೇಸಿಗೆ ಬಂದರೂ ಅವನ ಮೈಮೇಲಿನ ಕೂದಲು ಉದುರಲಿಲ್ಲ. ಉದ್ದವಾಗಿ ಗುಂಗುರಾಗಿ ಬೆಳೆಯುತ್ತಲೇ ಹೋಯಿತು. ನೀರು ಕುಡಿಯುವುದು ಎರಡರಷ್ಟಾಯಿತು, ಬೆನ್ನಿನ ಮಾಂಸ ಇಳಿದು ಹೊಟ್ಟೆ ಜೋತುಬಿತ್ತು. ಪಿಟ್ಯುಟರಿ ಗ್ರಂಥಿಯ ತೊಂದರೆ, ಕುದುರೆಗಳ ಕುಶಿಂಗ್ ಕಾಯಿಲೆ ಎಂದು ವೈದ್ಯರು ಹೇಳಿ ಮಾತ್ರೆ ಆರಂಭಿಸಿದರು. ಎರಡು ವರ್ಷ ಬಹಳ ಚೆನ್ನಾಗಿದ್ದ. ಆಮೇಲೆ ಒಂದು ವರ್ಷ ಭರಣಿ ಮಳೆ ಬಿದ್ದು ಬಯಲೆಲ್ಲ ಎಳೆಹುಲ್ಲು ಚಿಗುರಿದ ವಾರವೇ ಗೊರಸಿನ ಉರಿಯೂತ, ಅಂದರೆ ಲ್ಯಾಮಿನೈಟಿಸ್ ಬಂತು. ಮುಂಗಾಲುಗಳನ್ನು ಮುಂದಕ್ಕೆ ಚಾಚಿ, ಮೈಭಾರವನ್ನೆಲ್ಲ ಹಿಂಗಾಲುಗಳ ಮೇಲೆ ಹೇರಿಕೊಂಡು, ನೆಲವೇ ಕಾದ ಹೆಂಚಾಗಿದೆಯೇನೋ ಎಂಬಂತೆ ನಿಂತಿದ್ದ. ಅಲ್ಲಿಂದೀಚೆಗೆ ಬೆಲ್ಲವನ್ನು ನಿಲ್ಲಿಸಿದೆವು, ಮಳೆಗಾಲದಲ್ಲಿ ಬಯಲಿಗೆ ಬಿಡುವುದನ್ನು ನಿಲ್ಲಿಸಿದೆವು. ಆದರೂ ಮೂರು ಸಲ ಮರುಕಳಿಸಿತು. ಈ ಫೆಬ್ರವರಿಯಲ್ಲಿ ತೆಗೆದ ಎಕ್ಸ್‌ರೇಯಲ್ಲಿ ಗೊರಸಿನೊಳಗಿನ ಮೂಳೆ ಎರಡೂ ಮುಂಗಾಲುಗಳಲ್ಲಿ ಕೆಳಕ್ಕೆ ವಾಲಿದೆ. ಥರ್ಮೊಕೋಲನ್ನು ಗೊರಸಿನ ಆಕಾರಕ್ಕೆ ಕತ್ತರಿಸಿ, ಅಡಿಗೆ ಇಟ್ಟು, ಟೇಪು ಸುತ್ತಿ ಕೆಲವು ವಾರ ಸಾಗಿಸಿದೆವು. ಈಗ ಮೆತ್ತೆಯ ಬೂಟುಗಳಿವೆ. ದವಡೆ ಹಲ್ಲುಗಳು ಸವೆದುಹೋಗಿರುವುದರಿಂದ ಒಣಹುಲ್ಲನ್ನು ಅಗಿಯಲಾರದೆ ಉಂಡೆ ಮಾಡಿ ಉಗುಳುತ್ತಾನೆ. ನೆನೆಸಿದ ಮೇವನ್ನು ದಿನಕ್ಕೆ ನಾಲ್ಕು ಬಾರಿ ಕೊಡುತ್ತೇನೆ.

ಹೊಟ್ಟೆಗೆ ತಿನ್ನುವವರೆಗೆ ಅವನನ್ನು ಮುಟ್ಟಬಾರದು ಎನ್ನುತ್ತಾರೆ ನಮ್ಮ ಯಜಮಾನರು. ತಾನಾಗಿ ಹೋಗುವ ಜೀವವನ್ನು ನಾವು ಕಳಿಸಿದರೆ ಪಾಪ ಸುತ್ತಿಕೊಳ್ಳುತ್ತದೆ ಎಂಬುದು ನಮ್ಮ ಅತ್ತೆಯವರ ಮಾತು. ವೈದ್ಯರು ಮಾತ್ರ, ಮಳೆಗಾಲಕ್ಕೆ ಮುಂಚೆ ಯೋಚಿಸಿ ಎಂದಿದ್ದಾರೆ. ಬೆಳಗ್ಗೆ ಬಕೆಟ್ಟಿನ ಸದ್ದು ಕೇಳಿದರೆ ಮುತ್ತು ಇಂದಿಗೂ ಕೆನೆಯುತ್ತಾನೆ. ಕೆನೆದು ಕರೆಯುವ ಕುದುರೆಯ ದಿನ ಮುಗಿಯಿತು ಎಂದು ನಾನು ಯಾವ ಬಾಯಿಂದ ಹೇಳಲಿ?

ಮೈಸೂರು, ಜಟಕಾ ಮನೆತನದವನು, ಏಪ್ರಿಲ್ 12

ತಂಗೀ, ನಿಮ್ಮ ಬರಹ ಓದಿ ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ತಂದೆ ಮೈಸೂರಿನಲ್ಲಿ 30 ವರ್ಷಕ್ಕೂ ಮಿಕ್ಕಿ ಜಟಕಾ ಓಡಿಸಿದವರು. ಅವರ ಕೊನೆಯ ಕುದುರೆಯ ಹೆಸರು ರಾಜ. ವಯಸ್ಸಾದ ಮೇಲೆ ಅದನ್ನು ಗಾಡಿಗೆ ಕಟ್ಟುವುದನ್ನು ಬಿಟ್ಟರು, ಆದರೆ ಮಾರಲಿಲ್ಲ, ಎಷ್ಟೋ ಜನ ಮಾಡಿದಂತೆ ಊರಾಚೆ ಬಿಟ್ಟು ಬರಲೂ ಇಲ್ಲ. ಹುರುಳಿ ಬೇಯಿಸಿ ಕೈಯಾರೆ ಹಿಸುಕಿ ತಿನ್ನಿಸುತ್ತಿದ್ದರು. ಇನ್ನು ನರಳಿಸುವುದು ಬೇಡ, ದಯಾಮರಣಕ್ಕೆ ಒಪ್ಪಿಬಿಡಿ ಎಂದು ಪಶು ಆಸ್ಪತ್ರೆಯವರು ಹೇಳಿದಾಗ, ಅನ್ನ ಹಾಕಿದ ಪ್ರಾಣಿಗೆ ನಾನು ಹಾಗೆ ಮಾಡಲಾರೆ ಎಂದು ಎದ್ದು ಬಂದರು.

ಆ ಆಷಾಢದಲ್ಲಿ ಸುರಿವ ಮಳೆಯ ನಡುವೆ ರಾಜ ಲಾಯದಲ್ಲಿ ಬಿತ್ತು, ಮತ್ತೆ ಏಳಲಿಲ್ಲ. ನಾನಾಗ ಹತ್ತನೆಯ ತರಗತಿಯಲ್ಲಿದ್ದೆ. ಗೋಣಿಚೀಲಗಳನ್ನು ಕೆಳಗೆ ತೂರಿಸಿ, ಹಗ್ಗ ಹಾಕಿ, ಬೀದಿಯ ಆರೇಳು ಜನ ಸೇರಿ ಮಗ್ಗುಲು ಬದಲಿಸುತ್ತಿದ್ದೆವು. ಅದು ಏಳಲು ಹೆಣಗಿ ಹೆಣಗಿ ತಲೆಯನ್ನು ನೆಲಕ್ಕೆ ಬಡಿದುಕೊಂಡು, ಕಣ್ಣಿನ ಮೇಲಿನ ಚರ್ಮವೆಲ್ಲ ಕಿತ್ತುಬಂದಿತ್ತು. ಅಪ್ಪ ತಮ್ಮ ಪಂಚೆಯನ್ನು ಮಡಿಸಿ ಅದರ ತಲೆಯ ಕೆಳಗಿಟ್ಟರು. ಮೂರನೆಯ ರಾತ್ರಿ ಹೋಯಿತು. ಭಾನುವಾರವಾದ್ದರಿಂದ ಆ ಮೂರು ದಿನಗಳಲ್ಲಿ ಒಂದು ದಿನ ಕರೆದರೂ ಬರುವವರಿರಲಿಲ್ಲ.

ಅಪ್ಪ ತಪ್ಪು ಮಾಡಿದರು ಎಂದು ನಾನು ಇಂದಿಗೂ ಹೇಳಲಾರೆ. ಕೂತು ಬಿಡಿಸಿ ಹೇಳುವವರು ಅವರಿಗೆ ಯಾರೂ ಇರಲಿಲ್ಲ. ಆಮೇಲೆ ಗಾಡಿಯನ್ನು ಮಾರಿದರು, ರಾಜನ ಹೆಸರನ್ನು ಮನೆಯಲ್ಲಿ ಎತ್ತಲೇ ಇಲ್ಲ. ನಿಮ್ಮ ಯಜಮಾನರಿಗೆ ಇದನ್ನು ಓದಿ ಹೇಳಿ ಎಂದಷ್ಟೇ ಕೇಳಿಕೊಳ್ಳುತ್ತೇನೆ.

ಪಶುವೈದ್ಯ, ಹಾಸನ, ಏಪ್ರಿಲ್ 13

ನಿಮ್ಮ ವೈದ್ಯರು ಕಣ್ಣಾರೆ ನೋಡಿದ್ದಾರೆ, ನಾನು ನೋಡಿಲ್ಲ. ಆದ್ದರಿಂದ ಅವರ ಮಾತಿಗೆ ಪೂರಕವಾಗಿ ಮಾತ್ರ ಬರೆಯುತ್ತೇನೆ.

ಗೊರಸಿನ ಗೋಡೆಗೂ ಒಳಗಿನ ಮೂಳೆಗೂ ನಡುವೆ ತೆಳುವಾದ ನೂರಾರು ಪದರಗಳು ಒಂದರೊಳಗೊಂದು ಹೆಣೆದುಕೊಂಡು, ಕುದುರೆಯ ಇಡೀ ಭಾರವನ್ನು ತೂಗುಹಾಕಿ ಹಿಡಿದಿರುತ್ತವೆ. ರಕ್ತದಲ್ಲಿ ಇನ್ಸುಲಿನ್ ಮಿತಿಮೀರಿ ಏರಿದಾಗ ಈ ಹೆಣಿಗೆ ಸಡಿಲಿಸುತ್ತದೆ. ಎಳೆಹುಲ್ಲು ಮತ್ತು ಬೆಲ್ಲ ಅಪಾಯಕಾರಿಯಾಗುವುದು ಇದೇ ಕಾರಣಕ್ಕೆ, ಮತ್ತು ಕುಶಿಂಗ್ ಇರುವ ಅನೇಕ ಕುದುರೆಗಳಲ್ಲಿ ಈ ಏರಿಕೆಯೂ ಜೊತೆಗಿರುತ್ತದೆ. ಹಿಡಿತ ತಪ್ಪಿದ ಮೂಳೆ ವಾಲುತ್ತದೆ ಅಥವಾ ಕುಸಿಯುತ್ತದೆ. ನಾಯಿಯಾದರೆ ನೋಯುವ ಕಾಲನ್ನು ಎತ್ತಿಕೊಂಡು ಮೂರು ಕಾಲಿನಲ್ಲಿ ಓಡಾಡೀತು. ಎರಡೂ ಮುಂಗಾಲು ನೋಯುವ ಕುದುರೆಗೆ ಭಾರವನ್ನು ವರ್ಗಾಯಿಸಲು ಜಾಗವೇ ಇರುವುದಿಲ್ಲ.

ಇನ್ನು ಹಸಿವಿನ ಮಾತು. ಬೇಟೆಗೆ ಗುರಿಯಾಗುವ ಪ್ರಾಣಿಯಾದ್ದರಿಂದ ಕುದುರೆ ನೋವನ್ನು ಮುಚ್ಚಿಡುತ್ತದೆ. ದಿನದ ಬಹುಪಾಲು ಮೇಯುವುದಕ್ಕೆಂದೇ ರೂಪುಗೊಂಡ ಹೊಟ್ಟೆ ಅದರದು. ತೀವ್ರ ನೋವಿನಲ್ಲೂ ಮೇವಿಗೆ ಬಾಯಿ ಹಾಕುವ ಕುದುರೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ತಿನ್ನುತ್ತದೆ ಎಂಬ ಗುರುತು ಬಹಳ ತಡವಾಗಿ ಕೈಕೊಡುತ್ತದೆ, ಅದನ್ನೇ ನಂಬಿ ಕಾಯಬೇಡಿ.

ಅದರ ಬದಲು ಒಂದು ನೋಟ್‌ಪುಸ್ತಕ ಇಟ್ಟುಕೊಂಡು ಮೂರು ವಾರ ಬರೆಯಿರಿ. ಬೆಳಗ್ಗೆ ಮೇವಿಗೆ ಮುಂಚೆ, ದವಡೆಯ ಕೆಳಗಿನ ನಾಡಿಯನ್ನು ಎಣಿಸಿ. ನೆಮ್ಮದಿಯಾಗಿರುವ ಕುದುರೆಯಲ್ಲಿ ಅದು ನಿಮಿಷಕ್ಕೆ 28ರಿಂದ 44ರ ನಡುವೆ ಇರಬೇಕು, ಟಟ್ಟುಗಳಲ್ಲಿ ತುಸು ಹೆಚ್ಚಿದ್ದರೂ ಸರಿ. ನಿಂತಲ್ಲೇ ದಿನವೂ 60 ದಾಟುತ್ತಿದ್ದರೆ ಅದು ನೋವಿನ ಭಾಷೆ. ಗೊರಸಿನ ಮೇಲಿನ ಕೀಲಾದ ಗಿಣ್ಣಿನ ಹಿಂಬದಿಯಲ್ಲಿ ಬೆರಳಿಟ್ಟರೆ ಗೊರಸಿಗೆ ಇಳಿಯುವ ನಾಡಿ ಸಿಗುತ್ತದೆ. ಆರೋಗ್ಯದಲ್ಲಿ ಹುಡುಕಿದರೂ ಸಿಗದಷ್ಟು ಮೆತ್ತಗಿರುವುದು, ಉರಿಯೂತದಲ್ಲಿ ಬೆರಳನ್ನೇ ತಳ್ಳುವಂತೆ ಬಡಿಯುತ್ತದೆ. ಮುಖವನ್ನೂ ನೋಡಿ. 2014ರಲ್ಲಿ ಸಂಶೋಧಕರು ಕುದುರೆಯ ಮುಖದಲ್ಲಿ ನೋವನ್ನು ಓದುವ ಅಳತೆಯೊಂದನ್ನು ರೂಪಿಸಿದರು. ಹಿಂದಕ್ಕೆ ಬಿಗಿದ ಕಿವಿ, ಕಿರಿದಾದ ಕಣ್ಣು, ಕಣ್ಣಿನ ಮೇಲ್ಭಾಗದ ಬಿಗಿತ, ಎದ್ದುಕಾಣುವ ದವಡೆಯ ಸ್ನಾಯು, ಬಿಗಿದ ತುಟಿ, ಅರಳಿ ಬಿಗಿದ ಮೂಗಿನ ಹೊಳ್ಳೆ ಎಂಬ ಆರು ಗುರುತುಗಳು ಅದರಲ್ಲಿವೆ. ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾಗಿ, ಬೆಳಗ್ಗೆ ಅವನ ಮೈಗೆ ಹಾಸಿಗೆಯ ಹುಲ್ಲು ಅಂಟಿದೆಯೇ ಎಂದು ನೋಡಿ. ಕಾರಣವನ್ನು ಆಮೇಲೆ ಹೇಳುತ್ತೇನೆ, ಮೊದಲೇ ಹೇಳಿದರೆ ಎಣಿಕೆಯಲ್ಲಿ ಮನಸ್ಸು ಬೆರೆಯುತ್ತದೆ.

ಶಿರಸಿ, ಏಪ್ರಿಲ್ 15

ನಾನು ಕುದುರೆ ಸಾಕಿದವನಲ್ಲ. ಮುದಿ ಹಸುಗಳ ಸೇವೆಯಲ್ಲಿ 15 ವರ್ಷ ಕಳೆದವನು. ಇಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಹೋಗುತ್ತಿರುವುದರಿಂದ ಇನ್ನೊಂದು ಮಾತನ್ನು ವಿನಯದಿಂದ ಇಡುತ್ತೇನೆ. ನಮ್ಮಲ್ಲಿ ಎದ್ದು ನಿಲ್ಲಲಾರದ ಹಸುಗಳನ್ನು ಹುಲ್ಲಿನ ಮೇಲೆ ಮಲಗಿಸಿ, ಮಗ್ಗುಲು ಬದಲಿಸಿ, ಹುಣ್ಣಿಗೆ ಬೇವಿನೆಣ್ಣೆ ಹಚ್ಚಿ, ಬಾಯಿಗೆ ಗಂಜಿ ಹಾಕಿ ಕೊನೆಯುಸಿರಿನವರೆಗೆ ನೋಡಿಕೊಳ್ಳುತ್ತೇವೆ. ಅಂಥ ಹಸುಗಳು ಕೈ ನೆಕ್ಕಿ ಪ್ರಾಣ ಬಿಟ್ಟದ್ದನ್ನು ಕಂಡಿದ್ದೇನೆ. ನೋವನ್ನು ನೋಡಲಾರದೆ ನಾವು ಪ್ರಾಣ ತೆಗೆದರೆ, ಅದು ಯಾರ ನೋವನ್ನು ಮುಗಿಸಲು ಎಂಬ ಪ್ರಶ್ನೆ ಉಳಿಯುತ್ತದೆ. ಅತ್ತೆಯವರ ಮಾತನ್ನು ಹಳೆಯ ಕಾಲದ್ದೆಂದು ಬದಿಗೆ ತಳ್ಳಬೇಡಿ.

ಪಶುವೈದ್ಯ, ಹಾಸನ, ಏಪ್ರಿಲ್ 16

ಶಿರಸಿಯವರ ಪ್ರಶ್ನೆ ಗಂಭೀರವಾದದ್ದು, ಮತ್ತು ಅವರಂತೆ ಸೇವೆ ಮಾಡುವವರ ಮುಂದೆ ನಾನು ತಲೆಬಾಗುತ್ತೇನೆ. ಆದರೆ ಹಸುವಿನ ದೇಹ ಬೇರೆ, ಕುದುರೆಯ ದೇಹ ಬೇರೆ. ಹಸು ಮಲಗಿಯೇ ಮೆಲುಕು ಹಾಕುವ ಪ್ರಾಣಿ. ಮಲಗಿರುವುದು ಅದಕ್ಕೆ ಸಹಜ ಸ್ಥಿತಿ, ಒಳ್ಳೆಯ ಶುಶ್ರೂಷೆಯಿದ್ದರೆ ಏಳಲಾರದ ಹಸುವನ್ನು ಕೆಲವು ದಿನವಾದರೂ ನೋಡಿಕೊಳ್ಳಬಹುದು. ಏಳಲಾರದೆ ಬಿದ್ದ ಕುದುರೆಯಲ್ಲಿ ಕೆಲವೇ ಗಂಟೆಗಳಲ್ಲಿ ಕೆಳಗಿನ ಸ್ನಾಯುಗಳಿಗೆ ರಕ್ತ ತಪ್ಪಿ ಅವು ಹಾಳಾಗತೊಡಗುತ್ತವೆ, ಕೆಳಮಗ್ಗುಲಿನ ಶ್ವಾಸಕೋಶ ಕುಗ್ಗುತ್ತದೆ, ಕರುಳಿನ ಚಲನೆ ನಿಧಾನಿಸುತ್ತದೆ. ಅದಕ್ಕಿಂತ ಹೆಚ್ಚಾಗಿ ಕುದುರೆಯ ಮನಸ್ಸು ಅದನ್ನು ಒಪ್ಪುವುದಿಲ್ಲ. ಓಡಿ ಬದುಕುವ ಪ್ರಾಣಿಗೆ ಏಳಲಾಗುತ್ತಿಲ್ಲ ಎಂಬುದೇ ದೊಡ್ಡ ಭಯ. ಮೈಸೂರಿನವರ ರಾಜ ತಲೆ ಬಡಿದುಕೊಂಡದ್ದು ಆ ಭಯದಿಂದ.

ಕಾನೂನಿನ ವಿಷಯ ಕೆಲವರು ನನಗೆ ಬೇರೆಯಾಗಿ ಕೇಳಿದ್ದಾರೆ. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 13ನೆಯ ಕಲಂ, ಬದುಕಿಸಿಡುವುದೇ ಕ್ರೌರ್ಯವಾಗುವಂಥ ಸ್ಥಿತಿಯೊಂದು ಇರುತ್ತದೆ ಎಂಬುದನ್ನು ಒಪ್ಪಿಕೊಂಡೇ ರಚಿತವಾಗಿದೆ. ಅದೇ ಕಾಯ್ದೆಯ 11ನೆಯ ಕಲಂ ಪ್ರಕಾರ, ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ತೊರೆದು ಬಿಡುವುದು ಅಪರಾಧ. ಮುದಿ ಕುದುರೆಯನ್ನು ರಾತ್ರೋರಾತ್ರಿ ಹೆದ್ದಾರಿಯ ಬದಿಯಲ್ಲಿ ಬಿಟ್ಟು ಹೋಗುವವರಿಗೆ ಇದು ಗೊತ್ತಿರಬೇಕು.

ಲೆಸ್ಟರ್, ಇಂಗ್ಲೆಂಡ್, ಏಪ್ರಿಲ್ 19

ನಾನು ಧಾರವಾಡದವಳು, ಇಲ್ಲಿಗೆ ಬಂದು 22 ವರ್ಷವಾಯಿತು. ಮಗಳಿಗಾಗಿ ತಂದ ಶೆಟ್ಲಂಡ್ ತಳಿಯ ಟಟ್ಟು ನಮ್ಮಲ್ಲಿತ್ತು, ಅದಕ್ಕೂ ಇದೇ ಎರಡು ಕಾಯಿಲೆಗಳಿದ್ದವು. ದಿನವೂ ಪರ್ಗೊಲೈಡ್ ಮಾತ್ರೆ ಕೊಡುತ್ತಿದ್ದೆವು. ಇಲ್ಲಿ ಕುದುರೆ ಸಾಕುವವರು ಈ ತೀರ್ಮಾನವನ್ನು ಸಾಮಾನ್ಯವಾಗಿ ಚಳಿಗಾಲಕ್ಕೆ ಮುನ್ನ ತೆಗೆದುಕೊಳ್ಳುತ್ತಾರೆ. ಹೆಪ್ಪುಗಟ್ಟಿದ ನೆಲದ ಮೇಲೆ ನೋಯುವ ಗೊರಸನ್ನು ಊರುವುದು ಎಷ್ಟು ಕಷ್ಟ ಎಂಬುದು ಅವರಿಗೆ ಗೊತ್ತು. ನಿಮ್ಮ ವೈದ್ಯರು ಮಳೆಗಾಲದ ಮಾತೆತ್ತಿದ್ದು ಹಾಗೆಯೇ ಇರಬೇಕು. ನಾವು ಮಾತ್ರ ಕ್ರಿಸ್‌ಮಸ್ ರಜೆಗೆ ಮಗಳು ಬರಲಿ ಎಂದು ಏಳು ವಾರ ಮುಂದೂಡಿದೆವು. ಆ ಏಳು ವಾರ ನಮಗಾಗಿ ಕಳೆದದ್ದು, ಅದಕ್ಕಾಗಿ ಅಲ್ಲ. ಅದನ್ನು ನೆನೆದರೆ ಈಗಲೂ ಮನಸ್ಸು ಮುದುಡುತ್ತದೆ.

ಅಕ್ಕ, ಗಂಗೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಡೆವನ್ ಪ್ರಾಂತದ ಸಿಡ್‌ಮತ್ ಊರಿನಲ್ಲಿ 1969ರಲ್ಲಿ ಆರಂಭವಾದ ಡಾಂಕಿ ಸ್ಯಾಂಕ್ಚುರಿ ಎಂಬ ಕತ್ತೆಗಳ ಆಶ್ರಯಧಾಮವಿದೆ. ಜೊತೆಗಿದ್ದ ಪ್ರಾಣಿ ಸತ್ತರೆ ಅದರ ದೇಹವನ್ನು ಕತ್ತೆ ನೋಡಲು, ಮೂಸಲು ಬಿಡಬೇಕು, ತಾನಾಗಿ ದೂರ ಸರಿಯುವವರೆಗೆ ಎಳೆಯಬಾರದು ಎಂಬುದು ಅವರ ಸಲಹೆ. ಜೊತೆ ಕಾಣದೆ ಹೋದರೆ ಕತ್ತೆ ಹುಡುಕುತ್ತಾ ಮೇವು ಬಿಡುತ್ತದೆ. ಮೇವು ಬಿಟ್ಟ ಕತ್ತೆಯ ರಕ್ತದಲ್ಲಿ ಕೊಬ್ಬು ಏರಿ ಪ್ರಾಣಕ್ಕೇ ಕುತ್ತಾಗಬಹುದು. ಆಮೇಲಿನ ವಾರವೆಲ್ಲ ಗಂಗೆ ಎಷ್ಟು ತಿನ್ನುತ್ತಾಳೆ ಎಂದು ತೂಕ ಹಾಕಿ ನೋಡಿ.

ಮಾಗಡಿ ತೋಟದ ಮನೆ, ಮೇ 5

ಮೂರು ವಾರದ ಲೆಕ್ಕ ಮುಗಿಯಿತು. ಡಾಕ್ಟರೇ, ನೀವು ಮೊದಲೇ ಕಾರಣ ಹೇಳದೆ ಇದ್ದದ್ದು ಒಳ್ಳೆಯದಾಯಿತು.

ನಾಡಿ ಮೊದಲ ವಾರ 48ರಿಂದ 52, ಕೊನೆಯ ವಾರ 56ರಿಂದ 64. ಗಿಣ್ಣಿನ ಹಿಂದಿನ ನಾಡಿ ಈಗ ಹುಡುಕದೆಯೇ ಸಿಗುತ್ತದೆ. ಆದರೆ ನನ್ನನ್ನು ಅಲುಗಿಸಿದ್ದು ಹುಲ್ಲಿನ ಲೆಕ್ಕ. ಲಾಯದಲ್ಲಿ ರಾಗಿ ಹುಲ್ಲನ್ನು ದಪ್ಪಗೆ ಹಾಸಿರುತ್ತೇನೆ. ಮೊದಲ ವಾರ ನಾಲ್ಕು ಬೆಳಗ್ಗೆ ಅವನ ಮಗ್ಗುಲಿಗೂ ಜೂಲಿಗೂ ಹುಲ್ಲಿನ ಎಸಳು ಅಂಟಿದ್ದವು. ಎರಡನೆಯ ವಾರ ಒಂದೇ ದಿನ. ಮೂರನೆಯ ವಾರ ಒಂದು ದಿನವೂ ಇಲ್ಲ. ಹಾಸಿಗೆ ಗೋಡೆಯ ಬದಿಗೆ ಹಾಸಿದಂತೆಯೇ ಇದ್ದು, ನಡುವೆ ಅವನು ನಿಂತಲ್ಲಿ ಮಾತ್ರ ತುಳಿದು ಪುಡಿಯಾಗಿರುತ್ತಿತ್ತು.

ಯಾವಾಗ ನೋಡಿದರೂ ನಿಂತೇ ಇರುತ್ತಾನಲ್ಲ, ಕಾಲಿನಲ್ಲಿ ಇನ್ನೂ ಕಸುವಿದೆ ಎಂದು ನಾನು ಇಷ್ಟು ದಿನ ಸಮಾಧಾನ ಪಟ್ಟುಕೊಂಡಿದ್ದೆ. ಮುಂಗಾಲುಗಳ ಗಿಣ್ಣಿನ ಮುಂಬದಿಯಲ್ಲಿ ಕೂದಲು ಹೋಗಿ, ರೂಪಾಯಿ ನಾಣ್ಯದಷ್ಟು ಗಾಯಗಳಾಗಿದ್ದವು. ಕಲ್ಲು ತಗುಲಿರಬೇಕು ಎಂದುಕೊಂಡು ಅರಿಸಿನ ಹಚ್ಚುತ್ತಿದ್ದೆ. ಮೊನ್ನೆ ರಾತ್ರಿ ಕುರ್ಚಿ ಹಾಕಿಕೊಂಡು ಲಾಯದ ಹೊರಗೆ ಕತ್ತಲಲ್ಲಿ ಕುಳಿತೆ. ಎರಡೂವರೆಯ ಹೊತ್ತಿಗೆ ಅವನ ತಲೆ ಮೆಲ್ಲಮೆಲ್ಲನೆ ಇಳಿಯತೊಡಗಿತು. ಕೆಳತುಟಿ ಜೋತುಬಿತ್ತು, ಮೂಗು ಹಾಸಿಗೆಯನ್ನು ಮುಟ್ಟುವಷ್ಟು ಬಗ್ಗಿತು. ಆಮೇಲೆ ಮುಂಗಾಲುಗಳೆರಡೂ ಒಟ್ಟಿಗೆ ಮಡಿಚಿಕೊಂಡು, ಗಿಣ್ಣುಗಳು ನೆಲಕ್ಕೆ ಬಡಿದ ಸದ್ದು ಕೇಳಿಸಿತು. ಬಡಿದ ಕ್ಷಣವೇ ಬೆಚ್ಚಿ ಎದ್ದು ನಿಂತು, ನಡುಗುತ್ತಾ ನನ್ನ ಕಡೆಗೆ ನೋಡಿದ. ಬೆಳಗಾಗುವುದರೊಳಗೆ ಹೀಗೆ ಐದು ಬಾರಿ ಆಯಿತು. ಗಾಯದ ಮೂಲ ನನಗೆ ಅರ್ಥವಾಯಿತು. ಯಜಮಾನರನ್ನು ಮರುದಿನ ರಾತ್ರಿ ಕರೆತಂದು ಕೂರಿಸಿದೆ. ಮುತ್ತು ಎರಡನೆಯ ಬಾರಿ ಕುಸಿದಾಗ ಅವರು ಎದ್ದು ಹೋದರು.

ಪಶುವೈದ್ಯ, ಹಾಸನ, ಮೇ 5

ನಾನು ಹೇಳಬೇಕೆಂದಿದ್ದುದನ್ನು ನೀವೇ ಕಂಡುಬಿಟ್ಟಿರಿ. ಕುದುರೆ ಕಾಲಿನ ಕೀಲುಗಳನ್ನು ಬಿಗಿದುಕೊಂಡು ನಿಂತೇ ತೂಕಡಿಸಬಲ್ಲದು, ಆದರೆ ಗಾಢನಿದ್ದೆಗೆ ಮಲಗಲೇಬೇಕು. ದಿನಕ್ಕೆ ಅರ್ಧ ಗಂಟೆಯಷ್ಟಾದರೂ ಅದು ಬೇಕು. ಮಲಗಿದರೆ ಏಳುವಾಗಿನ ನೋವು ತಾಳಲಾರೆನೆಂದು ಅವನು ಮಲಗುವುದನ್ನೇ ಬಿಟ್ಟಿದ್ದಾನೆ. ನೋವಿನ ಔಷಧಿಯ ಪ್ರಮಾಣವನ್ನು ಏರಿಸಿ ಒಂದು ವಾರ ನೋಡಬಹುದು, ನಿಮ್ಮ ವೈದ್ಯರೊಡನೆ ಮಾತನಾಡಿ. ಆದರೆ ಆ ಔಷಧಿಗಳು ದೀರ್ಘಕಾಲದಲ್ಲಿ ಜಠರದಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡಕ್ಕೂ ಒಳ್ಳೆಯದಲ್ಲ. ಏರಿಸಿದ ಮೇಲೂ ಮೈಗೆ ಹುಲ್ಲು ಅಂಟದಿದ್ದರೆ, ಮುಂದಿನದನ್ನು ನಾನು ಹೇಳಬೇಕಾಗಿಲ್ಲ.

ಶಿರಸಿ, ಮೇ 6

ನಿದ್ದೆಯಿಲ್ಲದ ಜೀವದ ಕಷ್ಟ ನನಗೆ ಗೊತ್ತಿರಲಿಲ್ಲ. ಕುದುರೆಯ ವಿಷಯದಲ್ಲಿ ವೈದ್ಯರ ಮಾತನ್ನು ಒಪ್ಪುತ್ತೇನೆ. ಇದನ್ನು ಪುಣ್ಯದ ಕೆಲಸವೆಂದು ಕರೆಯಲು ಮಾತ್ರ ನನ್ನಿಂದ ಆಗದು. ಮಾಡಬೇಕಾಗಿ ಬಂದ ಕೆಲಸ ಎನ್ನಬಲ್ಲೆ. ಅತ್ತೆಯವರಿಗೆ ಆ ರಾತ್ರಿಯ ವಿಷಯವನ್ನು ಹೇಳಿ, ಅವರೂ ಒಮ್ಮೆ ನೋಡಲಿ.

ತುಮಕೂರು, ಮೇ 9

ಪಶುವೈದ್ಯರಲ್ಲಿ ಒಂದು ಪ್ರಶ್ನೆ. ನಮ್ಮಲ್ಲೂ 24 ವರ್ಷದ ಕುದುರೆಯಿದೆ. ಆ ದಿನ ನಿಜವಾಗಿ ಏನು ನಡೆಯುತ್ತದೆ, ಪ್ರಾಣಿಗೆ ಏನು ಗೊತ್ತಾಗುತ್ತದೆ ಎಂಬುದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಮಕ್ಕಳು ನೋಡಬಹುದೇ?

ಪಶುವೈದ್ಯ, ಹಾಸನ, ಮೇ 9

ಕುತ್ತಿಗೆಯ ದೊಡ್ಡ ರಕ್ತನಾಳಕ್ಕೆ ಮೊದಲು ಸೂಜಿನಳಿಕೆಯನ್ನು ಕೂರಿಸುತ್ತೇವೆ. ಆ ಒಂದು ಚುಚ್ಚು ಮಾತ್ರ ಅವಕ್ಕೆ ಗೊತ್ತಾಗುವ ನೋವು. ಅನಂತರ ಮಂಪರಿನ ಔಷಧಿ. ಒಂದೆರಡು ನಿಮಿಷದಲ್ಲಿ ತಲೆ ಭಾರವಾಗಿ ಇಳಿಯುತ್ತದೆ. ಆಮೇಲೆ ಅರಿವಳಿಕೆಯ ಔಷಧಿಯನ್ನು ಭಾರೀ ಪ್ರಮಾಣದಲ್ಲಿ ಕೊಡುತ್ತೇವೆ, ಕುದುರೆ ಕುಸಿಯುವ ಹೊತ್ತಿಗೇ ಪ್ರಜ್ಞೆ ಹೋಗಿರುತ್ತದೆ. ಪೊಟ್ಯಾಸಿಯಂ ಕ್ಲೋರೈಡಿನಂಥ ಹೃದಯ ನಿಲ್ಲಿಸುವ ಔಷಧಿಯನ್ನು ಕೊಡುವುದಾದರೆ ಪೂರ್ತಿ ಅರಿವಳಿಕೆ ಆದ ಮೇಲೆಯೇ ಕೊಡಬೇಕು. ಎಚ್ಚರದಲ್ಲಿರುವ ಪ್ರಾಣಿಗೆ ಕೊಡುವುದು ಹಿಂಸೆ, ಹಾಗೆ ಮಾಡುವವರಿಗೆ ಅವಕಾಶ ಕೊಡಬೇಡಿ. ಪ್ರಾಣ ಹೋದ ಮೇಲೂ ಒಂದೆರಡು ಬಾರಿ ದೀರ್ಘವಾಗಿ ಉಸಿರೆಳೆದಂತೆ ಆಗಬಹುದು, ಸ್ನಾಯುಗಳು ಅದುರಬಹುದು, ಕಣ್ಣು ತೆರೆದೇ ಇರುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ಮನೆಯವರು, ಇನ್ನೂ ಜೀವವಿತ್ತೇನೋ ಎಂದು ವರ್ಷಗಟ್ಟಲೆ ಕೊರಗುತ್ತಾರೆ. ಬೀಳುವಾಗ ಯಾವ ಕಡೆಗೆ ವಾಲುತ್ತದೆ ಎಂದು ಹೇಳಲಾಗದು, ಆದ್ದರಿಂದ ಹಗ್ಗ ವೈದ್ಯರ ಅಥವಾ ಸಹಾಯಕರ ಕೈಯಲ್ಲಿರಲಿ. ಚಿಕ್ಕ ಮಕ್ಕಳು ಬೀಳುವುದನ್ನು ನೋಡುವುದು ಬೇಡ, ಆಮೇಲೆ ಬಂದು ಮುಟ್ಟಲಿ.

ದೇಹವನ್ನು ಹೂಳಲೇಬೇಕು. ಅರಿವಳಿಕೆಯ ಔಷಧಿ ಮಾಂಸದಲ್ಲಿ ಬಹುಕಾಲ ಉಳಿಯುತ್ತದೆ. ನಾಯಿ, ಹದ್ದು ತಿಂದರೆ ಅವೂ ಸಾಯುತ್ತವೆ. ಬಾವಿ, ಬೋರ್‌ವೆಲ್, ಹಳ್ಳಗಳಿಂದ ದೂರದಲ್ಲಿ, ಆಳೆತ್ತರಕ್ಕಿಂತ ಹೆಚ್ಚು ಆಳ ತೋಡಿಸಿ, ಮೇಲೆ ಸುಣ್ಣ ಹಾಕಿ ಮುಚ್ಚಿ.

ಮಾಗಡಿ ತೋಟದ ಮನೆ, ಮೇ 16

ಔಷಧಿ ಏರಿಸಿ ಒಂದು ವಾರವಾಯಿತು. ಒಂದು ಬೆಳಗ್ಗೆ ಮಾತ್ರ ಅವನ ಬಲಮಗ್ಗುಲಲ್ಲಿ ಹುಲ್ಲಿತ್ತು. ಅಂದು ನಾನು ಸಂತೋಷದಿಂದ ಅತ್ತೆಯವರನ್ನು ಕರೆದು ತೋರಿಸಿದೆ. ಅವರು ಹತ್ತಿರ ಹೋಗಿ ನೋಡಿ, ಅದು ಮಲಗಿದ್ದಲ್ಲ, ಬಿದ್ದದ್ದು ಎಂದರು. ಮೊಣಕಾಲಿನ ಮೇಲೆ ಹೊಸ ತರಚು ಗಾಯವಿತ್ತು. ಗಾಯವನ್ನು ಅವರೇ ತೊಳೆದರು. ಆಮೇಲೆ, ನಿನ್ನ ಕೈಯಲ್ಲಿ ತಿಂದ ಜೀವ, ನಿನಗೆ ಗೊತ್ತಾಗುವಷ್ಟು ನನಗೆ ಗೊತ್ತಾಗುವುದಿಲ್ಲ, ಏನು ಮಾಡುತ್ತೀಯೋ ಮಾಡಮ್ಮ ಎಂದು ಹೇಳಿ ಒಳಗೆ ಹೋದರು.

ಕೃತ್ತಿಕೆ ಮಳೆ ಒಂದು ಹದ ಬಂದು ನಿಂತಿದೆ. ಇನ್ನೆರಡು ಮಳೆ ಬಂದರೆ ನಮ್ಮ ಕೆಮ್ಮಣ್ಣಿನಲ್ಲಿ ಜೆಸಿಬಿ ಹೂತುಹೋಗುತ್ತದೆ. ತೆಂಗಿನ ಸಾಲಿನ ಆಚೆ, ಬೋರ್‌ವೆಲ್ಲಿನಿಂದ ದೂರದಲ್ಲಿ ಎತ್ತರದ ಜಾಗವಿದೆ, ನಾಳಿದ್ದು ತೋಡಿಸುತ್ತೇವೆ. ವೈದ್ಯರು 21ರ ಬೆಳಗ್ಗೆ ಬರುತ್ತಾರೆ. ಹಾಸ್ಟೆಲಿನಲ್ಲಿರುವ ಮಗ ಪರೀಕ್ಷೆ ಮುಗಿಸಿ 30ಕ್ಕೆ ಬರುತ್ತಾನೆ, ಅವನಿಗಾಗಿ ಕಾಯುವುದೇ ಎಂದು ಒಂದು ರಾತ್ರಿ ಚರ್ಚೆಯಾಯಿತು. ಲೆಸ್ಟರಿನ ತಂಗಿಯ ಏಳು ವಾರದ ಮಾತನ್ನು ಅವನಿಗೆ ಫೋನಿನಲ್ಲಿ ಓದಿ ಹೇಳಿದೆ. ಕಾಯಬೇಡಿ ಅಮ್ಮ ಎಂದ.

ಮಾಗಡಿ ತೋಟದ ಮನೆ, ಮೇ 23

ಮೊನ್ನೆ ಬೆಳಗ್ಗೆ ಎಂಟೂಕಾಲಕ್ಕೆ ಮುತ್ತು ಹೋದ.

ತೋಡಿದ ಜಾಗದವರೆಗೆ 200 ಹೆಜ್ಜೆಯೂ ಇಲ್ಲ, ಆದರೂ ಅಷ್ಟು ದೂರ ನಡೆಸುವುದು ಬೇಡವೆಂದು ಲಾಯದ ಮುಂದಿನ ಹುಲ್ಲಿನ ಮೇಲೆಯೇ ಮಾಡಿಸಿದೆವು. ಬೂಟುಗಳನ್ನು ಬಿಚ್ಚಲಿಲ್ಲ. ಗಂಗೆಯನ್ನು ಬೇಲಿಯ ಆಚೆ ಅವನಿಗೆ ಕಾಣುವಂತೆ ಕಟ್ಟಿದ್ದೆವು. ಹಾಸನದ ಡಾಕ್ಟರು ಬರೆದದ್ದನ್ನು ಓದಿಕೊಂಡಿದ್ದರಿಂದ ಕೊನೆಯ ಆ ದೀರ್ಘ ಉಸಿರಿಗೆ ನಾನು ಹೆದರಲಿಲ್ಲ. ಯಜಮಾನರು ಹೆದರಿದರು, ಅವರ ಕೈ ಹಿಡಿದುಕೊಂಡೆ. ವೈದ್ಯರು ಸ್ಟೆತಸ್ಕೋಪನ್ನು ಎದೆಗಿಟ್ಟು ಬಹಳ ಹೊತ್ತು ಕೇಳಿದರು, ಕಣ್ಣಿನ ಗುಡ್ಡೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು, ಆಮೇಲೆ ಆಯಿತು ಎಂದರು. ಆ ದೇಹ ಒಂದು ಮಗ್ಗುಲಿಗೆ ಪೂರ್ತಿ ಚಾಚಿ ಮಲಗಿದ್ದನ್ನು ನಾನು ನೋಡಿ ಅದೆಷ್ಟು ತಿಂಗಳಾಗಿತ್ತೋ.

ಗಂಗೆಯನ್ನು ಬಿಚ್ಚಿದೆವು. ಅವಳು ಮೊದಲು ಅವನ ಮೂಗನ್ನು, ಆಮೇಲೆ ಕಿವಿಯ ಹಿಂದೆ ಮೂಸಿದಳು. ಕುತ್ತಿಗೆಯ ಜೂಲನ್ನು ಹಲ್ಲಿನಲ್ಲಿ ಹಿಡಿದು ಎರಡು ಬಾರಿ ಎಳೆದಳು. ಸುಮಾರು 40 ನಿಮಿಷ ಪಕ್ಕದಲ್ಲೇ ನಿಂತಿದ್ದು, ತಾನಾಗಿ ಬೇಲಿಯ ಬದಿಗೆ ಹೋಗಿ ಗರಿಕೆ ಕೀಳತೊಡಗಿದಳು. ಆಮೇಲೆ ಜೆಸಿಬಿಯವನಿಗೆ ಬರಹೇಳಿದೆವು. ಅಂದು ಸಂಜೆ ಅವಳು ಮೇವಿನ ಅರ್ಧವನ್ನು ಬಿಟ್ಟಳು. ನಿನ್ನೆ ಮುಕ್ಕಾಲು ಪಾಲು ತಿಂದಳು, ಇಂದು ಬೆಳಗ್ಗೆ ಪೂರ್ತಿ ತಿಂದಿದ್ದಾಳೆ. ನೆರೆಯವರ ಮುದಿ ಮೇಕೆಯೊಂದನ್ನು ರಾತ್ರಿ ಅವಳ ಜೊತೆ ಕಟ್ಟುತ್ತಿದ್ದೇವೆ.

ನಿನ್ನೆ ಸಂಜೆ ಜೋರಾಗಿ ಮಳೆ ಬಂತು. ಗುಂಡಿಯ ಮಣ್ಣು ಸ್ವಲ್ಪ ಕುಸಿದಿತ್ತು, ಇಂದು ಇನ್ನೆರಡು ಗಾಡಿ ಮಣ್ಣು ಹಾಕಿಸಿದೆವು.

ಮೈಸೂರು, ಜಟಕಾ ಮನೆತನದವನು, ಮೇ 24

ತಂಗೀ, ಹಾಸಿಗೆಯ ಹುಲ್ಲಿನ ವಿಷಯವನ್ನು ನಮ್ಮ ಬೀದಿಯಲ್ಲಿ ಇನ್ನೂ ಗಾಡಿ ಓಡಿಸುವ ಇಬ್ಬರಿಗೆ ಓದಿ ಹೇಳಿದೆ. ಒಬ್ಬರ ಕುದುರೆಗೆ ಮುಂಗಾಲಿನ ಗೊರಸಿನಲ್ಲಿ ಇದೇ ತೊಂದರೆ ಈಗ ತಾನೇ ಆರಂಭವಾಗಿದೆ, ವಯಸ್ಸು 14. ಕೆಲಸ ನಿಲ್ಲಿಸಿ ಚಿಕಿತ್ಸೆ ಮಾಡಿಸುತ್ತಿದ್ದಾರೆ. ಕೇಳಲು ಸಂಕೋಚವಾಗುತ್ತದೆ, ಮುತ್ತುವಿನ ಬೂಟುಗಳಿದ್ದರೆ ಅವರಿಗೆ ಉಪಯೋಗಕ್ಕೆ ಬಂದೀತೇ?

ಮಾಗಡಿ ತೋಟದ ಮನೆ, ಮೇ 24

ಅಣ್ಣ, ಹಾಕಿದ್ದ ಜೊತೆಯನ್ನು ಅವನ ಕಾಲಿನಲ್ಲೇ ಬಿಟ್ಟೆವು. ಮಾರ್ಚ್‌ನಲ್ಲಿ ತರಿಸಿದ ಇನ್ನೊಂದು ಜೊತೆ ಇದೆ, ನಾಲ್ಕೈದು ಬಾರಿ ಮಾತ್ರ ಹಾಕಿದ್ದು. ಒಳಗಿನ ಮೆತ್ತೆ ಗೊರಸಿನ ತುದಿಯಿಂದ ಹಿಮ್ಮಡಿಗೆ 11 ಸೆಂಟಿಮೀಟರ್ ಇದೆ. ಅವರ ಕುದುರೆಯ ಗೊರಸನ್ನು ಒಂದು ಕಾಗದದ ಮೇಲೆ ಊರಿಸಿ, ಸುತ್ತಲೂ ಪೆನ್ಸಿಲಿನಿಂದ ಗೆರೆ ಎಳೆದು, ಅದರ ಫೋಟೋ ಕಳಿಸಲು ಹೇಳಿ. ದೊಡ್ಡದಾದರೆ ಬೂಟು ಆಗುವುದಿಲ್ಲ, ಆದರೆ ಥರ್ಮೊಕೋಲ್ ಹಾಳೆಗಳು ಆರು ಉಳಿದಿವೆ, ಅವು ಯಾವ ಅಳತೆಗೂ ಆಗುತ್ತವೆ. ಎರಡನ್ನೂ ಸೋಮವಾರ ಬಸ್ಸಿಗೆ ಹಾಕುತ್ತೇನೆ.